ಅಗಸೆ ಸೊಪ್ಪಿನ ಗೂಡು

ನಾಗಮಣಿಗೆ ಯಾರಾದರೂ ಎಲ್ಲಿ ಕೆಲಸ ಅಂತ ಕೇಳಿದರೆ "ಮೊಲದ ಫ್ಯಾಕ್ಟ್ರೀಲಿ" ಅನ್ನುತ್ತಾಳೆ. ಕೇಳಿದವರು ಮುಂದಕ್ಕೆ ಮೊಲದ ಮಾಂಸ ಕೆಜಿಗೆ ಎಷ್ಟು ಅಂತ ಕೇಳುವುದು ಗ್ಯಾರಂಟಿ. ಅವಳು "ಗೊತ್ತಿಲ್ಲ ಕಣಣ್ಣ" ಅಂತ ಕಿಟಕಿ ಕಡೆ ತಿರುಗಿಬಿಡುತ್ತಾಳೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ನನಗೇ ತಡೆಯುವುದಿಲ್ಲ. ಮಾಂಸದ್ದಲ್ಲ ಕಣ್ರಿ, ಅದು ವಿಜ್ಞಾನದ ಜಾಗ ಅಂತ ನಾನು ಶುರು ಮಾಡುತ್ತೇನೆ. ಎರಡು ನಿಮಿಷದಲ್ಲಿ ಕೇಳಿದವರು ನಿದ್ದೆಗೆ ಬೀಳುತ್ತಾರೆ. ನಾಗಮಣಿ ನನಗಿಂತ ಬುದ್ಧಿವಂತೆ.

ನಾನು ವೀಣ, ಮಂಡ್ಯದ ಗುತ್ತಲು ಕಡೆಯವಳು. ಮದ್ದೂರಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಕಬ್ಬಿನ ಗದ್ದೆಗಳ ಮಧ್ಯೆ ತಗಡಿನ ಛಾವಣಿಯ ಎರಡು ಶೆಡ್ಡು, ಒಂದು ಲ್ಯಾಬು, ಒಂದು ಆಫೀಸು ಇದೆ. ಅದೇ ನಮ್ಮ ಕಂಪನಿ. ನನ್ನ ಕೆಲಸ ಸೀಸೆಗೆ ಚೀಟಿ ಅಂಟಿಸಿ, ಐಸು ತುಂಬಿದ ಡಬ್ಬಿಗೆ ಹಾಕಿ ಕಳಿಸುವುದು. ಸೀಸೆಯಲ್ಲಿರುವುದು ಪ್ರತಿಕಾಯ. ನಮ್ಮ ಮೈಗೆ ಗೊತ್ತಿಲ್ಲದ್ದು ಏನಾದರೂ ಒಳಗೆ ಬಂದರೆ ಅದನ್ನು ಗುರುತು ಹಿಡಿಯುವ ಪದಾರ್ಥವನ್ನು ರಕ್ತವೇ ತಯಾರಿಸುತ್ತದಲ್ಲ, ಅದು. ಯಾವುದೋ ಪ್ರೋಟೀನಿನ ಒಂದು ಚೂರನ್ನು ಮೊಲಕ್ಕೆ ಚುಚ್ಚುತ್ತಾರೆ. ಕೆಲವು ವಾರ ಕಳೆದರೆ ಮೊಲದ ರಕ್ತ ಆ ಪ್ರೋಟೀನನ್ನು ಗುರುತು ಹಿಡಿಯುವುದನ್ನು ಕಲಿತಿರುತ್ತದೆ. ಕಿವಿಯ ನರದಿಂದ ಚೂರು ರಕ್ತ ತೆಗೆದು ಸೋಸಿ ಸೀಸೆಗೆ ತುಂಬಿದರೆ, ದೇಶದ ಯಾವುದೋ ಮೂಲೆಯ ಸಂಶೋಧಕರು ಅದನ್ನು ಇಟ್ಟುಕೊಂಡು ತಮ್ಮ ಪ್ರೋಟೀನು ಎಲ್ಲಿ ಅಡಗಿದೆ ಅಂತ ಹುಡುಕುತ್ತಾರೆ. ಇಷ್ಟೇ ವ್ಯಾಪಾರ.

ಇಷ್ಟಕ್ಕೆ ಮೊಲಗಳು ಬೇಕು, ಮೊಲಗಳನ್ನು ನೋಡಿಕೊಳ್ಳಲು ಜನ ಬೇಕು. ಒಂದನೇ ಶೆಡ್ಡು ನಾಗಮಣಿಯದು, ಎರಡನೆಯದು ಮಹದೇವು ಅಂತ ಕೆರಗೋಡು ಕಡೆಯ ಹುಡುಗನದು. ಹುಡುಗ ಅಂದರೆ ಎರಡು ಮಕ್ಕಳ ತಂದೆ, ನಮ್ಮ ಬಾಯಲ್ಲಿ ಇನ್ನೂ ಹುಡುಗ. ಇಬ್ಬರೂ ಗೂಡು ತೊಳೆದು, ನೀರಿಟ್ಟು, ಒಣ ಮೇವಿನ ಉಂಡೆ ಹಾಕಿ, ಮೊಲ ಸಪ್ಪಗಿದ್ದರೆ ಹೇಳಬೇಕು. ಮೊಲಗಳೆಲ್ಲ ಬಿಳಿ, ಕಣ್ಣು ಕೆಂಪು. ಒಂದನ್ನು ನೋಡಿದರೆ ಇನ್ನೊಂದನ್ನು ನೋಡುವುದು ಬೇಡ. ಗುರುತಿಗೆ ಕಿವಿಯ ಒಳಗೆ ನಂಬರ್ ಇದೆ.

ಕೆಲಸ ಮುಗಿದ ಮೊಲವನ್ನು, ಇಲ್ಲ ಪರೀಕ್ಷೆಯಲ್ಲಿ ಸೋತ ಮೊಲವನ್ನು ಇಟ್ಟುಕೊಳ್ಳುವುದಿಲ್ಲ. ಡಾಕ್ಟರು ಬಂದು ಒಂದು ಸೂಜಿ ಹಾಕುತ್ತಾರೆ, ನೋವಾಗದ ಹಾಗೆ ಹೋಗುತ್ತದೆ. ಆಗ ಮೊಲವನ್ನು ಗೂಡಿನಿಂದ ತಂದು ಮೇಜಿನ ಮೇಲೆ ಹಿಡಿದುಕೊಳ್ಳುವುದು ಶೆಡ್ಡಿನವರ ಕೆಲಸ. ನಮ್ಮ ಮ್ಯಾನೇಜರ್ ಜಯಪ್ರಕಾಶ್ ಅವರಿಗೆ ಗೊತ್ತಿದ್ದದ್ದು ಇಷ್ಟು. ಗೊತ್ತಿಲ್ಲದ್ದು ಇನ್ನೊಂದಿತ್ತು, ಅದು ನನಗೂ ಸೇರಿ ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾಗಮಣಿಯ ಊರು ಕೊಕ್ಕರೆ ಬೆಳ್ಳೂರಿನ ಆಚೆ. ಅವರ ಕೇರಿಯಲ್ಲಿ ಹಬ್ಬಕ್ಕೆ ಕುರಿಮರಿ ಸಾಕಿದರೆ, ಸಾಕಿದ ಮನೆಯವರು ಅದಕ್ಕೆ ಕೊನೆಯಲ್ಲಿ ಕೈ ಹಾಕುವುದಿಲ್ಲ. ಸಾಕಿದ ಕೈ ಕತ್ತಿ ಹಿಡಿಯಬಾರದು ಅಂತ ಮಾತು. ಹಿಡಿದುಕೊಡುವುದೂ ಇಲ್ಲ, ಇದೇ ಅಂತ ಬೆರಳು ತೋರಿಸುವುದೂ ಇಲ್ಲ. ಹಬ್ಬದ ಬೆಳಗ್ಗೆ ಮರಿಯ ಮುಂದೆ ಒಂದು ಕಂತೆ ಹಸಿ ಸೊಪ್ಪು ಹಾಕಿ ಮನೆಯವರು ಹಿತ್ತಿಲಿಗೆ ಹೋಗಿಬಿಡುತ್ತಾರೆ. ಪಕ್ಕದ ಮನೆಯವನು ಬಂದು, ಸೊಪ್ಪು ಯಾವುದರ ಮುಂದಿದೆ ನೋಡಿ, ಅದನ್ನು ಬಿಚ್ಚಿಕೊಂಡು ಹೋಗುತ್ತಾನೆ. ಅವನ ಮನೆಯ ಮರಿಗೆ ಇವರು ಹೋಗುತ್ತಾರೆ. ಮಹದೇವು ಊರಿನಲ್ಲೂ ಹೆಚ್ಚು ಕಮ್ಮಿ ಇದೇ ಪದ್ಧತಿ. ಆದ್ದರಿಂದ ಇಬ್ಬರೂ ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಯಾರೂ ಹೇಳದೆ ಯಾರೂ ಕೇಳದೆ ಒಪ್ಪಂದವಾಗಿತ್ತು. ಅವಳ ಮೊಲವನ್ನು ಅವನು ಒಯ್ಯುವುದು, ಅವನದನ್ನು ಅವಳು. ಗುರುತಿಗೆ ಅಗಸೆ ಸೊಪ್ಪು. ಮೊಲಕ್ಕೆ ಅಗಸೆ ಸೊಪ್ಪು ಅಂದರೆ ಪ್ರಾಣ. ಗದ್ದೆ ಬದುವಿನ ಮರದಿಂದ ಒಂದು ಹಿಡಿ ತಂದು, ಹೋಗುವ ಮೊಲದ ಗೂಡಿಗೆ ಹಾಕಿ, ಸಾಕಿದವರು ಹಿಂದುಗಡೆ ನಲ್ಲಿಯ ಹತ್ತಿರ ಹೋಗಿ ತಟ್ಟೆ ತೊಳೆಯುತ್ತಾ ನಿಲ್ಲುವುದು. ಹೀಗೆ ವರ್ಷಗಟ್ಟಲೆ ನಡೆಯಿತು, ಒಂದು ಸಲವೂ ತಪ್ಪಲಿಲ್ಲ. ತಪ್ಪದ ಕಡೆ ಕಿವಿಯ ನಂಬರು ಯಾರು ನೋಡುತ್ತಾರೆ?

ಮಹದೇವುಗೆ ಇದು ಬರೀ ಪದ್ಧತಿ. ನಾಗಮಣಿಗೆ ಹಾಗಲ್ಲ. ಅವಳ ಗಂಡ ಸಿದ್ದರಾಜು ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಮೂರು ವರ್ಷದ ಕೆಳಗೆ ಟ್ರೇಲರ್ ಮಗುಚಿಕೊಂಡು ತಲೆಗೆ ಪೆಟ್ಟಾಯಿತು. ಆಸ್ಪತ್ರೆಯಲ್ಲಿ ಮಿಷನ್ನು ಹಾಕಿ ಒಂದು ವಾರದ ಮೇಲೆ ಇಟ್ಟುಕೊಂಡಿದ್ದರು. ಉಸಿರು ಮಿಷನ್ನಿನದು, ಒಳಗೆ ಏನೂ ಇಲ್ಲ. ಡಾಕ್ಟರು ಹೊರಗೆ ಬಂದು, ತೆಗೆಯೋಣವೇನಮ್ಮ ಅಂತ ಕೇಳಿದರು. ಇವಳು ಹೂಂ ಅಂದಳು. ಅಂದು, ಅತ್ತೆ ಮಂಚಮ್ಮನ ಹತ್ತಿರ ಹೋಗಿ, ತಾನಾಗೇ ಹೋಗ್ಬುಟ್ರು ಅಂತ ಸುಳ್ಳು ಹೇಳಿದಳು. ಆ ಸುಳ್ಳನ್ನು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಾ ನನಗೊಬ್ಬಳಿಗೆ ಹೇಳಿದ್ದು, ಸಾರಿಗೆ ಉಪ್ಪು ಕಮ್ಮಿಯಾಗಿದೆ ಅಂತ ಹೇಳುವ ದನಿಯಲ್ಲಿ.

"ಅನ್ನ ಇಕ್ಕಿದ ಕೈ ವೀಣಕ್ಕ. ಅದೇ ಕೈಯೋಳು ಊಂ ಅಂದ್ಬುಟ್ಟೆ. ಅವತ್ತಿಂದ ಅಳೂ ಬರಾಕಿಲ್ಲ, ನಗೂ ಬರಾಕಿಲ್ಲ. ಮೈಯೆಲ್ಲ ಜೋಮು ಇಡ್ದಂಗೆ ಅದೆ" ಅಂದಳು. "ಇನ್ನೊಂದು ಸಲ ನನ್ ಕೈಲಿ ಆಗಬಾರ್ದು. ನಾನ್ ಸಾಕಿದ್ದು ಮೊಲವಾದ್ರೂ ಆಗ್ಲಿ, ಕೋಳಿಯಾದ್ರೂ ಆಗ್ಲಿ."

ಬಾಯಿಬಡಕಿ ಅಂತ ಹೆಸರು ಪಡೆದವಳು ಅವತ್ತು ಮೊಸರನ್ನ ತಿಂದು ಎದ್ದೆ.

ಈಗ ಚಂದನ ಮೇಡಂ ವಿಷಯ. ಮಂಡ್ಯದವಳೇ, ಓದಿ ಬಂದು ಲ್ಯಾಬಿಗೆ ಸೇರಿದ ಹುಡುಗಿ. ಕಾಲು ನೆಲದ ಮೇಲೆ ನಿಲ್ಲುವುದಿಲ್ಲ, ಎಲ್ಲಕ್ಕೂ ಸಂಭ್ರಮ. ಅವಳಿಗೆ ಕೊಟ್ಟಿದ್ದು ಜಿ ಪ್ರೋಟೀನಿನ ಬೀಟಾ ಅನ್ನುವ ತುಂಡನ್ನು ಹುಡುಕುವ ಪ್ರತಿಕಾಯ. ಅದೇನಮ್ಮ ಅಂತ ಕೇಳಿದ್ದಕ್ಕೆ ನನಗೆ ಪಾಠ ಮಾಡಿದಳು. ಜೀವಕೋಶದ ಹೊರಗೋಡೆಗೆ ಏನಾದರೂ ಸುದ್ದಿ ಬಂದರೆ ಅದನ್ನು ಒಳಕ್ಕೆ ಮುಟ್ಟಿಸುವುದು ಜಿ ಪ್ರೋಟೀನು. ಅದರಲ್ಲಿ ಆಲ್ಫಾ, ಬೀಟಾ, ಗಾಮಾ ಅಂತ ಮೂರು ತುಂಡು ಒಟ್ಟಿಗೆ ಕೂತಿರುತ್ತವಂತೆ. ಸುದ್ದಿ ಬಂದ ತಕ್ಷಣ ಆಲ್ಫಾ ಬೇರೆಯಾಗಿ ಒಂದು ಕಡೆ, ಬೀಟಾ ಗಾಮಾ ಎರಡೂ ಜೊತೆಯಾಗಿ ಇನ್ನೊಂದು ಕಡೆ.

"ನಮ್ಮಪ್ಪ, ಚಿಕ್ಕಪ್ಪಂದಿರು ಭಾಗ ಆದಂಗೆ" ಅಂದೆ.

"ಇವು ಆಮೇಲೆ ಮತ್ತೆ ಸೇರ್ಕೊಳ್ತವೆ ವೀಣಕ್ಕ."

"ಹಂಗಾದ್ರೆ ನಮ್ಮನೆ ತರ ಅಲ್ಲ ಬಿಡು."

ತೊಂದರೆ ಏನೆಂದರೆ ಬೀಟಾಗಳಲ್ಲೇ ಹಲವು ಬಗೆ, ಎಲ್ಲ ಒಂದೇ ಅಚ್ಚು. ಮೊಲದ ರಕ್ತ ಒಂದನ್ನು ಹಿಡಿ ಅಂದರೆ ಎಲ್ಲವನ್ನೂ ಹಿಡಿಯುತ್ತಿತ್ತು. ಪರೀಕ್ಷೆಯ ಹಾಳೆಯ ಮೇಲೆ ಒಂದು ಗೆರೆ ಬರಬೇಕಾದ ಕಡೆ ಏಳೆಂಟು ಗೆರೆ. ಒಂದು ವರ್ಷದಲ್ಲಿ ಎಷ್ಟೋ ಮೊಲಗಳು ಬಂದವು, ಹೋದವು. ಜಯಪ್ರಕಾಶ್ ಸಾರ್ ಈ ಕೆಲಸ ಕೈಬಿಡೋಣ ಅನ್ನುವ ಮಟ್ಟಕ್ಕೆ ಬಂದಿದ್ದರು. ಆಮೇಲೆ ಈ ಫೆಬ್ರವರಿಯಲ್ಲಿ ನಾಗಮಣಿಯ ಶೆಡ್ಡಿನ ಅಕ್ಕಪಕ್ಕದ ಎರಡು ಗೂಡಿನ ಮೊಲಗಳ ಪರೀಕ್ಷೆ ಬಂತು. ಒಂದರದ್ದು ಎಂದಿನ ಹಾಗೆ ಗೆರೆಗಳ ಸಂತೆ. ಇನ್ನೊಂದರದ್ದು ಒಂದೇ ಒಂದು ಗೆರೆ, ಎಲ್ಲಿ ಬರಬೇಕೋ ಅಲ್ಲಿ, ಕಾಡಿಗೆ ಎಳೆದ ಹಾಗೆ. ಚಂದನ ಹಾಳೆ ಹಿಡಿದುಕೊಂಡು ನನ್ನ ಮೇಜಿಗೆ ಬಂದಳು. ನನಗೆ ಗೆರೆ ಕಂಡಿತು, ಅದರ ಮಹಿಮೆ ಕಾಣಲಿಲ್ಲ. ಆದರೂ ಚೆನ್ನಾಗಿದೆ ಕಣಮ್ಮ ಅಂದೆ.

ಗೆದ್ದ ಮೊಲವನ್ನು ವರ್ಷವಿಡೀ ಇಟ್ಟುಕೊಂಡು, ತಿಂಗಳಿಗೊಮ್ಮೆ ಕಿವಿಯಿಂದ ರಕ್ತ ತೆಗೆಯುವುದು ಅಂತ ತೀರ್ಮಾನವಾಯಿತು. ಇನ್ನೊಂದು ಮೊಲಕ್ಕೆ ಅದೇ ಚೂರು ಚುಚ್ಚಿದರೂ ಅದೇ ರಕ್ತ ಸಿಗುವುದಿಲ್ಲವಂತೆ, ಒಂದೊಂದು ಮೊಲ ಒಂದೊಂದು ತರ ಕಲಿಯುತ್ತದೆ. ಸೋತ ಮೊಲಕ್ಕೆ ಸೂಜಿ. ಅದರ ರಕ್ತವೂ ಯಾರಿಗೂ ಬೇಡ.

ಸೂಜಿ ಹಾಕುವ ದಿನ ಬೆಳಗ್ಗೆ ನಾಗಮಣಿ ಎಂದಿನ ಹಾಗೆ ಸೋತ ಮೊಲದ ಗೂಡಿಗೆ ಅಗಸೆ ಸೊಪ್ಪು ಹಾಕಿ, ತಟ್ಟೆಗಳನ್ನು ಎತ್ತಿಕೊಂಡು ಹಿಂದುಗಡೆ ಹೋದಳು. ಹೋದ ಮೇಲೆ ಚಂದನ ಶೆಡ್ಡಿಗೆ ಬಂದಿದ್ದಾಳೆ. ಸುಮ್ಮನೆ, ತನ್ನ ಮೊಲ ನೋಡಲು. ನೋಡಿದರೆ, ಗೆದ್ದದ್ದರ ಮುಂದೆ ಒಣ ಉಂಡೆ, ಸೋತದ್ದರ ಮುಂದೆ ಹಸಿರು ಸೊಪ್ಪು. ಇದ್ಯಾವ ನ್ಯಾಯ ಅನ್ನಿಸಿದೆ ಅವಳಿಗೆ. ಆ ಗೂಡಿನಿಂದ ಸೊಪ್ಪು ಎತ್ತಿ ಈ ಗೂಡಿಗೆ ಹಾಕಿ, ಮೊಲದ ಕಿವಿ ಸವರಿ, ಹಾಡು ಹೇಳಿಕೊಂಡು ಲ್ಯಾಬಿಗೆ ಹೋಗಿದ್ದಾಳೆ.

ಮಹದೇವು ಬಂದ. ಸೊಪ್ಪು ನೋಡಿದ. ಒಯ್ದ. ಡಾಕ್ಟರಿಗೆ ಮಳವಳ್ಳಿಯಲ್ಲಿ ಇನ್ನೊಂದು ಕೆಲಸವಿತ್ತು, ಅವರು ಕಿವಿ ಮಡಚಿ ನೋಡಲಿಲ್ಲ.

ಊಟವಾದ ಮೇಲೆ ಚಂದನ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತಳು. "ವೀಣಕ್ಕ, ಮೊಲ ಇಲ್ಲ" ಅಂದಳು. ಎಲ್ಲಿ ಹೋಯ್ತು ಅಂದೆ. ಅವಳು ಮೇಜಿನ ಮೇಲಿದ್ದ ಚೀಟಿಯ ಸುರುಳಿಯನ್ನು ಬಿಚ್ಚುತ್ತಾ ಸುತ್ತುತ್ತಾ ಇದ್ದಳು.

ಜಯಪ್ರಕಾಶ್ ಸಾರ್ ರೂಮಿನಲ್ಲಿ ಎಲ್ಲರೂ ನಿಂತಿದ್ದೆವು. ಅವರು ಕೆಟ್ಟ ಮನುಷ್ಯರಲ್ಲ. ಆದರೆ ಕೋಪ ಬಂದಾಗ ಬಹಳ ಮೆತ್ತಗೆ ಮಾತಾಡುತ್ತಾರೆ, ನನಗೆ ಅದಕ್ಕಿಂತ ಕೂಗಾಡುವುದೇ ವಾಸಿ ಅನ್ನಿಸುತ್ತದೆ.

"ನಿನ್ನ ಶೆಡ್ಡಿನ ಮೊಲ ನಾಗಮಣಿ. ನೀನು ಹಿಡ್ಕೊಂಡಿದ್ದೆ ತಾನೆ?"

"ನಾನು ಇಡೀಲಿಲ್ಲ ಸಾರ್."

"ಮತ್ತೆ?"

"ನಾನು ಸಾರ್" ಅಂದ ಮಹದೇವು. "ಅಕ್ಕನ ಮೊಲ ಯಾವತ್ತೂ ನಾನೇ ಒಯ್ಯೋದು. ನನ್ ಮೊಲವ ಅಕ್ಕ ಒಯ್ತದೆ. ಸಾಕ್ದೋರು ಇಡೀಬಾರ್ದು ಅಂತವ."

"ಯಾವ ಮೊಲ ಅಂತ ನಿನಗೆ ಹೆಂಗೆ ಗೊತ್ತಾಯ್ತು?"

"ಸೊಪ್ಪಿತ್ತಲ್ಲ ಸಾರ್."

ಸಾರ್ ಒಂದೊಂದೇ ಪ್ರಶ್ನೆ ಕೇಳಿ ಎಲ್ಲ ಬಾಯಿ ಬಿಡಿಸಿದರು. ಆಮೇಲೆ ಹಣೆ ಉಜ್ಜಿಕೊಂಡು, "ಇಷ್ಟು ವರ್ಷ ನೀವು ಇಲ್ಲಿ ಮರಿಹಬ್ಬದ ಕಾನೂನು ನಡೆಸಿದ್ದೀರಿ. ನಂಬರ್ ಯಾಕ್ರಯ್ಯ ಹಾಕೋದು ನಾವು?" ಅಂದರು. "ಸರಿ, ಸೊಪ್ಪು ತಪ್ಪು ಗೂಡಿಗೆ ಹಾಕಿದ್ದು ನೀನಾ?"

ನಾಗಮಣಿ ಯಾರೋ ಇನ್ನೊಬ್ಬರನ್ನು ಕೇಳುತ್ತಿದ್ದಾರೆ ಅನ್ನುವ ಹಾಗೆ ನಿಂತಿದ್ದಳು. ಚಂದನಳಿಗೆ ಆಗ ಗೊತ್ತಾಯಿತು. "ನಾನು ಸಾರ್" ಅಂದಳು. "ನಾನೇ ಎತ್ತಿ ಹಾಕಿದ್ದು. ಗೆದ್ದಿದೆ, ತಿನ್ನಲಿ ಅಂತ."

ಬೈಯಬೇಕು ಅಂದರೆ ಯಾರನ್ನು ಅಂತ ಬೈಯುವುದು? ನನಗಂತೂ ಸಿಟ್ಟು ಬಂದಿತ್ತು, ಆದರೆ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ, ಅದಕ್ಕೊಂದು ಆಸಾಮಿ ಸಿಗಲಿಲ್ಲ. ಸಾರ್ ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಮೂವರನ್ನೂ ತೆಗೆಯಬೇಕಿತ್ತು. ಅದರ ಬದಲು ಒಂದು ನಿಯಮ ಹೇಳಿದರು. ಇವತ್ತಿನಿಂದ ಯಾರು ಸಾಕುತ್ತಾರೋ ಅವರೇ ನಂಬರ್ ನೋಡಿ, ಅವರೇ ತಂದು, ಅವರೇ ಹಿಡಿಯಬೇಕು. ಅದಲು ಬದಲು ಇಲ್ಲ.

"ಡಾಕ್ಟರು ವಾಪಸ್ ಬರ್ತಿದ್ದಾರೆ. ಇನ್ನೊಂದು ಮೊಲ ಇದೆಯಲ್ಲ ನಾಗಮಣಿ, ಅದರಿಂದಲೇ ಶುರುವಾಗಲಿ."

ನಾಗಮಣಿ ಆಗ ಮೊದಲ ಸಲ ತಲೆ ಎತ್ತಿದಳು. "ಬ್ಯಾರೆ ಕೆಲ್ಸ ಕೊಡಿ ಸಾರ್. ಬಾಟ್ಲಿ ತೊಳಿತೀನಿ, ಕಸ ಗುಡಿಸ್ತೀನಿ. ಇದೊಂದ ಬ್ಯಾಡ."

"ಬೇರೆ ಕೆಲಸ ಖಾಲಿ ಇಲ್ಲಮ್ಮ. ಆಗಲ್ಲ ಅಂದ್ರೆ ನಾಳೆಯಿಂದ ಬರಬೇಡ. ನಾನು ಬಲವಂತ ಮಾಡಲ್ಲ."

ಬಲವಂತ ಅಂದರೆ ಇನ್ನೇನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅವಳ ಮನೆಗೆ ಬರುವ ಸಂಬಳ ಅದೊಂದೇ ಅಂತ ಅವರಿಗೂ ಗೊತ್ತಿತ್ತು. ಸಾರ್, ಇದೊಂದು ಸಲ ಮಹದೇವು ಹಿಡಿಯಲಿ ಅಂತ ನಾನು ಅಂದೆ. ನಿಮ್ಮ ಕೆಲಸ ನೋಡ್ಕೊಳ್ಳಿ ವೀಣಾ ಅಂದರು. ನೋಡಿಕೊಳ್ಳಲು ಹೋಗಲಿಲ್ಲ ನಾನು. ಶೆಡ್ಡಿನ ಪಕ್ಕದ ಆ ರೂಮಿನ ಬಾಗಿಲಿಗೆ ಒಂದು ಗಾಜಿದೆ, ಅದರ ಹೊರಗೆ ನಿಂತೆ.

ನಾಗಮಣಿ ಮೊಲವನ್ನು ಎದೆಗೆ ಒರಗಿಸಿಕೊಂಡು ಬಂದಳು. ಕಿವಿ ಮಡಚಿ ನಂಬರು ಓದಿ ಹೇಳಿದಳು. ಮೇಜಿನ ಮೇಲಿಟ್ಟು ಒಂದು ಕೈ ಬೆನ್ನ ಮೇಲೆ, ಒಂದು ಕೈ ಗಲ್ಲದ ಕೆಳಗೆ ಕೊಟ್ಟಳು. ಬೇರೆಯವರ ಕೈಯಾದರೆ ಮೊಲ ಒದ್ದಾಡುತ್ತದೆ. ಇವಳ ಕೈ ಅದಕ್ಕೆ ಗೊತ್ತು, ಅನ್ನ ಇಕ್ಕುವ ಕೈ. ಸುಮ್ಮನೆ ಕೂತಿತ್ತು, ಮೂಗು ಮಾತ್ರ ಆಡುತ್ತಿತ್ತು. ಡಾಕ್ಟರು ಸೂಜಿ ಹಾಕಿದರು. ಸ್ವಲ್ಪ ಹೊತ್ತಿಗೆ ಮೂಗು ಆಡುವುದು ನಿಂತಿತು. ಆಯ್ತಮ್ಮ ಬಿಡು ಅಂದರು ಡಾಕ್ಟರು. ಅವಳು ಬಿಡಲಿಲ್ಲ. ಎರಡನೇ ಸಲ ಹೇಳಿದ ಮೇಲೆ ಬಿಟ್ಟಳು.

ಗೆದ್ದ ಮೊಲದ ರಕ್ತದಲ್ಲಿ ಉಳಿದದ್ದು ಪರೀಕ್ಷೆಗೆ ಅಂತ ಮೊದಲೇ ತೆಗೆದಿಟ್ಟ ನಾಲ್ಕು ಪುಟ್ಟ ಕೊಳವೆ. ಅವು ಫ್ರೀಜರಿನ ಮೂಲೆಯಲ್ಲಿವೆ. ಬೀಟಾ ಬೇಕು ಅಂತ ಬರೆದ ಗಿರಾಕಿಗೆ ಸದ್ಯಕ್ಕೆ ಇಲ್ಲ ಅಂತ ನಾನೇ ಉತ್ತರ ಕಳಿಸಿದೆ. ಚಂದನ ಈಗಲೂ ಕೆಲಸಕ್ಕೆ ಬರುತ್ತಾಳೆ. ಶೆಡ್ಡಿನ ಕಡೆ ಹೋಗುವುದಿಲ್ಲ.

ಆ ಸಂಜೆ ನಾಗಮಣಿ ನಲ್ಲಿಯ ಹತ್ತಿರ ಬಹಳ ಹೊತ್ತು ಕೈ ತೊಳೆದಳು, ಬಸ್ಸು ಹೋಗಿಬಿಟ್ಟಿತು. ನಾನು ಅವತ್ತು ತಮ್ಮನ ಸ್ಕೂಟರಿನಲ್ಲಿ ಬಂದಿದ್ದೆ. ಹತ್ತು, ಮನೆಗೆ ಬಿಡ್ತೀನಿ ಅಂದೆ. ದಾರಿಯಲ್ಲಿ ಕೇಳಬಾರದು ಅಂದುಕೊಂಡೇ ಕೇಳಿದೆ, ನನ್ನ ಬಾಯಿಗೆ ಬೀಗ ಯಾವತ್ತು ಇತ್ತು?

"ಏನನ್ನಿಸ್ತು ನಾಗಮಣಿ?"

"ಏನೂ ಅನ್ನಿಸ್ನಿಲ್ಲ ಕಣಕ್ಕ." ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಮತ್ತೆ ಹೇಳಿದಳು. "ಅವತ್ತೂ ಇಂಗೇ. ಏನೂ ಅನ್ನಿಸ್ನಿಲ್ಲ."

ಊರು ಬಂದಾಗ ಬೆಳಕಿತ್ತು. ಹುಣಸೆಮರದ ಕೆಳಗೆ ಸ್ಕೂಟರ್ ನಿಲ್ಲಿಸಲು ಹೋದರೆ, "ಅಲ್ಲಿ ಬ್ಯಾಡಿ ವೀಣಕ್ಕ, ಕೊಕ್ಕರೆ ಗಲೀಜು ಮಾಡ್ತವೆ" ಅಂದಳು. ಮನೆಯೊಳಗೆ ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ಸಿದ್ದರಾಜುವಿನ ಫೋಟೋ. ಕೆಳಗೆ ಚಾಪೆಯ ಮೇಲೆ ಮಂಚಮ್ಮ ಗೋಡೆಗೆ ಒರಗಿ ಕೂತಿದ್ದರು. ಮಗ ಹೋದ ಆರು ತಿಂಗಳಿಗೆ ಲಕ್ವ ಹೊಡೆದು ಅವರ ಬಲಗೈ ಬಿದ್ದುಹೋಗಿದೆ, ಎಡಗೈಗೂ ಶಕ್ತಿ ಇಲ್ಲ. ಮಾತು ಮಾತ್ರ ಗಟ್ಟಿ. ಎರಡು ಹೊತ್ತೂ ಸೊಸೆಯೇ ಉಣ್ಣಿಸಬೇಕು.

ನನಗೆ ಉಂಡು ಹೋಗಿ ಅಂದರು. ಹೊತ್ತಾಗುತ್ತೆ, ಕಾಪಿ ಸಾಕು ಅಂದೆ. ಕಾಪಿ ಕುಡಿಯುತ್ತಾ ಕೂತಿರುವಾಗಲೇ ನಾಗಮಣಿ ಮುದ್ದೆ ತಿರುವಿ, ತಟ್ಟೆಗೆ ಹಾಕಿ, ಸೊಪ್ಪಿನ ಸಾರು ಬಿಟ್ಟು, ಅತ್ತೆ ಮುಂದೆ ಕೂತಳು. ತುತ್ತು ಮುರಿದಳು. ಸಾರಿನಲ್ಲಿ ಅದ್ದಿದಳು. ಮಂಚಮ್ಮ ಬಾಯಿ ತೆರೆದರು. ನಾಗಮಣಿಯ ಕೈ ತಟ್ಟೆಯ ಮೇಲೆಯೇ ನಿಂತಿತ್ತು, ಮೇಲೆ ಹೋಗಲಿಲ್ಲ.

"ಎಷ್ಟೊತ್ತು ಅಂತ ಬಾಯಿ ಬುಟ್ಕೊಂಡು ಕೂತಿರ್ಲಿ ಮಗ?"

"ಚಲುವಮ್ಮನ್ನ ಕೂಗ್ತೀನಿ ಇರತ್ತೆ" ಅಂದಳು. ಚಲುವಮ್ಮ ಅಂದರೆ ಪಕ್ಕದ ಮನೆಯಾಕೆ. "ಇವತ್ತು ಅವಳು ಉಣ್ಣಿಸ್ಲಿ."

"ಅವಳ್ಯಾಕೆ? ನಿನ್ ಕೈಗೇನಾಗದೆ?"

"ಇವತ್ತು ಈ ಕೈಲಿ ಮೊಲ ಇಡ್ದೆ ಅತ್ತೆ. ನಾನೇ ಸಾಕಿದ್ದ. ಈ ಕೈಲಿ ನಿಂಗೆಂಗೆ ತುತ್ತಿಕ್ಲಿ?"

ಮಂಚಮ್ಮ ಸೊಸೆಯ ಮುಖವನ್ನೇ ನೋಡಿದರು. ನಾನಿದ್ದೇನೆ ಅನ್ನುವುದನ್ನು ಮರೆತರೋ, ಇದ್ದರೆ ಇರಲಿ ಅಂದುಕೊಂಡರೋ. "ಸಿದ್ದರಾಜುಂಗೆ ಊಂ ಅಂದೋಳೂ ನೀನೇ ಅಲ್ವಾ ಮಗ" ಅಂದರು.

ನನ್ನ ಕೈಯ ಲೋಟ ಎಲ್ಲಿಡಬೇಕು ತಿಳಿಯಲಿಲ್ಲ.

"ಡಾಕ್ಟ್ರು ಮೊದ್ಲು ಬಂದು ಕೇಳಿದ್ದು ನನ್ನ ಕಣವ್ವ. ತೆಗಿಯಾನೇನಜ್ಜಿ ಅಂತವ. ಎತ್ತೋಳು ನಾನು, ಸಾಕ್ದೋಳು ನಾನು. ನನ್ ಬಾಯಲ್ಲಿ ಬರಬಾರ್ದು. ಅದ್ಕೆ, ನನ್ನ ಕೇಳಬ್ಯಾಡ್ರಪ್ಪ, ನಮ್ ಸೊಸೆ ಅವ್ಳೆ ಓಗಿ ಕೇಳಿ ಅಂತ ನಿನ್ ತಾವ್ಕೆ ಕಳ್ಸ್ದೋಳು ನಾನೇಯ. ಬ್ಯಾರೆ ಮನೆಯಿಂದ ಬಂದೋಳು, ನಿನ್ ಕೈಲಿ ಆಗ್ಲಿ ಅಂತ." ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ನೀನೂ ಅವನ್ಗೆ ಅನ್ನ ಇಕ್ದೋಳು ಅಂತ ಅವತ್ತು ನಂಗೆ ತಿಳೀನಿಲ್ಲ."

ನಾಗಮಣಿಯ ಕೈಯಲ್ಲಿದ್ದ ತುತ್ತಿನಿಂದ ಸಾರು ಒಂದೊಂದೇ ಹನಿ ತಟ್ಟೆಗೆ ಬೀಳುತ್ತಿತ್ತು.

"ಅವತ್ತಿಂದ ಗೊತ್ತಿದ್ದೂ ಗೊತ್ತಿದ್ದೂ ಈ ಕೈಲೇ ಉಣ್ತಾ ಇವ್ನಿ" ಅಂದರು ಮಂಚಮ್ಮ. "ಇಕ್ಕು, ಆರೋಯ್ತದೆ."

ನಾಗಮಣಿ ತುತ್ತನ್ನು ಮತ್ತೊಮ್ಮೆ ಸಾರಿನಲ್ಲಿ ಅದ್ದಿ ಅತ್ತೆಯ ಬಾಯಿಗೆ ಇಟ್ಟಳು. ಇಬ್ಬರ ಕಣ್ಣಲ್ಲೂ ನೀರಿರಲಿಲ್ಲ. ಮಂಚಮ್ಮ ನುಂಗಿ, ಮತ್ತೆ ಬಾಯಿ ತೆರೆದರು.